ಕೇಬಲ್, ಟಿ.ಟಿ., ಓ.ಸಿ.

ಒಂದು ಪೌಂಡಿಗೆ ಎಷ್ಟು ಡಾಲರ್ ಎಂಬ ದರಕ್ಕೆ ವಿದೇಶಿ ವಿನಿಮಯ ಪೇಟೆಯಲ್ಲಿ ‘ಕೇಬಲ್’ ಎಂಬ ಅಡ್ಡಹೆಸರಿದೆ. ಲಂಡನ್ನಿನವರು ‘ಕೇಬಲ್ ಎಷ್ಟಿದೆ?’ ಎಂದು ಕೇಳಿದರೆ ಮುಂಬೈಯವರಿಗೂ ಸಿಂಗಪುರದವರಿಗೂ ಬೇರೆ ವಿವರಣೆ ಬೇಕಾಗುವುದಿಲ್ಲ. ಉಳಿದ ಕರೆನ್ಸಿಗಳಿಗೂ ಇಂಥ ಹೆಸರುಗಳುಂಟು. ನ್ಯೂಜಿಲೆಂಡಿನ ಡಾಲರ್ ‘ಕಿವಿ’, ಏಕೆಂದರೆ ಅಲ್ಲಿನ ಒಂದು ಡಾಲರ್ ನಾಣ್ಯದ ಮೇಲೆ ಕಿವಿ ಹಕ್ಕಿಯಿದೆ. ಕೆನಡಾದ ಡಾಲರ್ ‘ಲೂನಿ’. 1987ರಲ್ಲಿ ಹೊರಬಂದ ನಾಣ್ಯದ ಮೇಲೆ ಲೂನ್ ಎಂಬ ನೀರುಹಕ್ಕಿಯ ಚಿತ್ರವಿದೆ. ಅಮೆರಿಕದ ಡಾಲರ್ ‘ಗ್ರೀನ್‌ಬ್ಯಾಕ್’. ಅಂತರ್ಯುದ್ಧದ ಖರ್ಚಿಗೆಂದು 1861-62ರಲ್ಲಿ ಅಚ್ಚು ಹಾಕಿಸಿದ ನೋಟುಗಳ ಬೆನ್ನು ಹಸಿರಾಗಿತ್ತು. ಇವೆಲ್ಲ ಕೈಯಲ್ಲಿ ಹಿಡಿದ ಹಣವನ್ನು ನೋಡಿ ಇಟ್ಟ ಹೆಸರುಗಳು. ‘ಕೇಬಲ್’ನಲ್ಲಿ ಮಾತ್ರ ಪೌಂಡಿನ ಸುಳಿವೂ ಇಲ್ಲ, ಡಾಲರಿನ ಸುಳಿವೂ ಇಲ್ಲ. ದರ ಯಾವ ದಾರಿಯಲ್ಲಿ ಬಂದಿತೋ ಆ ದಾರಿಯ ಹೆಸರನ್ನೇ ದರಕ್ಕೆ ಇಟ್ಟುಬಿಟ್ಟಿದ್ದಾರೆ.

ದಾವಣಗೆರೆಯ ಬ್ಯಾಂಕೊಂದರ ವಿದೇಶಿ ವಿನಿಮಯ ವಿಭಾಗದಲ್ಲಿ ಬಹುಕಾಲ ಕೆಲಸ ಮಾಡಿದವನು ನಾನು. ಹುಟ್ಟಿ ಬೆಳೆದದ್ದೂ ಇದೇ ಹತ್ತಿಯ ಊರಿನಲ್ಲಿ. ಈ ಹೆಸರಿನ ಜಾಡು ಹಿಡಿದು ಹೋದರೆ ಅಟ್ಲಾಂಟಿಕ್ ಸಾಗರದ ತಳದಿಂದ ಹೊರಟ ಒಂದು ತಂತಿ ನಮ್ಮ ಮಂಡಿಪೇಟೆ, ಚೌಕಿಪೇಟೆಗಳ ಬದುಕನ್ನೂ ಮುಟ್ಟಿದೆ ಎಂಬುದು ತಿಳಿಯುತ್ತದೆ. ಆ ತಂತಿ ನಮ್ಮಲ್ಲಿ ಬಿಟ್ಟುಹೋದ ಎರಡು ಗುರುತುಗಳು ಇಂದಿಗೂ ಬಳಕೆಯಲ್ಲಿವೆ. ಒಂದು ಬ್ಯಾಂಕಿನ ಹಲಗೆಯ ಮೇಲೆ, ಇನ್ನೊಂದು ಪೊಲೀಸ್ ಠಾಣೆಯ ಎಫ್‌ಐಆರ್‌ನಲ್ಲಿ. ಅದನ್ನು ಹೇಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಸಮುದ್ರದ ಸಂಗತಿ. 1860ರ ದಶಕದ ನಡುವಿನ ತನಕ ಯುರೋಪಿನ ಸುದ್ದಿ ಅಮೆರಿಕಕ್ಕೆ ತಲುಪಲು ಹಡಗೇ ಗತಿ. ವೇಗದ ಉಗಿಹಡಗಿಗೂ ಹತ್ತು ದಿನಗಳ ಆಸುಪಾಸು ಬೇಕಾಗುತ್ತಿತ್ತು. ಲಿವರ್‌ಪೂಲಿನಲ್ಲಿ ಹತ್ತಿಯ ಬೆಲೆ ಕುಸಿದಿರುತ್ತಿತ್ತು, ನ್ಯೂಯಾರ್ಕಿನ ವ್ಯಾಪಾರಿ ಅದನ್ನರಿಯದೆ ಹಳೆಯ ಬೆಲೆಗೇ ಮಾಲು ಕೊಳ್ಳುತ್ತಿದ್ದ. ಅವನು ಹಡಗಿಗೆ ತುಂಬಿಸಿದ ಹತ್ತಿ ಇಂಗ್ಲೆಂಡ್ ಮುಟ್ಟುವ ಹೊತ್ತಿಗೆ ಲಾಭವೋ ನಷ್ಟವೋ ಎಂಬುದು ಅವನ ಕೈಯಲ್ಲಿ ಇರಲೇ ಇಲ್ಲ. ಯುರೋಪಿನ ಒಳಗೆ ಈ ಅಂತರವನ್ನು ಕಡಿಮೆ ಮಾಡುವ ಪ್ರಯತ್ನ ಆಗಲೇ ನಡೆದಿತ್ತು. ಪಾಲ್ ಜೂಲಿಯಸ್ ರಾಯ್ಟರ್ 1850ರಲ್ಲಿ ಆಖೆನ್ ಮತ್ತು ಬ್ರಸೆಲ್ಸ್ ನಡುವೆ ಪಾರಿವಾಳಗಳ ಕಾಲಿಗೆ ಷೇರು ದರದ ಚೀಟಿ ಕಟ್ಟಿ ಹಾರಿಸುತ್ತಿದ್ದ. ಮರುವರ್ಷ ಇಂಗ್ಲೆಂಡಿನ ಡೋವರ್ ಮತ್ತು ಫ್ರಾನ್ಸಿನ ಕ್ಯಾಲೆ ನಡುವೆ ಸಮುದ್ರದಡಿಯ ತಂತಿ ಬಂದೊಡನೆ ಲಂಡನ್ನಿನಲ್ಲಿ ಕಚೇರಿ ತೆರೆದು, ಅಲ್ಲಿಂದ ಪ್ಯಾರಿಸ್ಸಿಗೆ ದರ ಕಳಿಸತೊಡಗಿದ. ಇಂದಿಗೂ ಕರೆನ್ಸಿ ದರಗಳ ಜೊತೆ ರಾಯ್ಟರ್ಸ್ ಹೆಸರು ಅಂಟಿಕೊಂಡಿರುವುದು ಅಂದಿನಿಂದ.

ಅಟ್ಲಾಂಟಿಕ್ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಸೈರಸ್ ಫೀಲ್ಡ್ ಎಂಬ ಅಮೆರಿಕದ ಕಾಗದ ವ್ಯಾಪಾರಿ ಐರ್ಲೆಂಡಿನ ವ್ಯಾಲೆನ್ಷಿಯಾ ದ್ವೀಪದಿಂದ ಕೆನಡಾದ ಬದಿಯ ನ್ಯೂಫೌಂಡ್‌ಲ್ಯಾಂಡಿನ ತನಕ ತಂತಿ ಎಳೆಸಲು ಹೊರಟ. 1858ರ ಆಗಸ್ಟ್ 16ರಂದು ವಿಕ್ಟೋರಿಯಾ ರಾಣಿಯ ಸಂದೇಶ ಅಮೆರಿಕದ ಅಧ್ಯಕ್ಷ ಜೇಮ್ಸ್ ಬ್ಯುಕ್ಯಾನನ್‌ಗೆ ಹೋಯಿತು. 98 ಪದಗಳ ಆ ಸಂದೇಶ ದಾಟಲು 16 ಗಂಟೆ ಹಿಡಿಯಿತು. ನ್ಯೂಯಾರ್ಕಿನ ಸಂಭ್ರಮ ಎಷ್ಟಿತ್ತೆಂದರೆ ಪಟಾಕಿಯ ಕಿಡಿಗೆ ನಗರಸಭೆಯ ಕಟ್ಟಡದ ಮೇಲ್ಭಾಗ ಹೊತ್ತಿ ಉರಿಯಿತು. ಕೆಲವೇ ವಾರಗಳಲ್ಲಿ ತಂತಿ ಸತ್ತುಹೋಯಿತು. ಸಂಕೇತ ಮಸುಕಾಗಿದೆಯೆಂದು ಕಂಪನಿಯ ಎಲೆಕ್ಟ್ರಿಷಿಯನ್ ವೈಲ್ಡ್‌ಮನ್ ವೈಟ್‌ಹೌಸ್ ವೋಲ್ಟೇಜ್ ಏರಿಸುತ್ತ ಹೋದದ್ದು, ಮೊದಲೇ ದುರ್ಬಲವಾಗಿದ್ದ ತಂತಿಯ ಹೊದಿಕೆಯನ್ನು ಇನ್ನಷ್ಟು ಕೆಡಿಸಿತು. ವಿಲಿಯಂ ಥಾಮ್ಸನ್, ಅಂದರೆ ಮುಂದೆ ಲಾರ್ಡ್ ಕೆಲ್ವಿನ್ ಎನಿಸಿಕೊಂಡ ವಿಜ್ಞಾನಿ, ಅದಕ್ಕೆ ತದ್ವಿರುದ್ಧವಾಗಿ ಯೋಚಿಸಿದ್ದರು. ತಂತಿಯಲ್ಲಿ ಅತಿ ಕ್ಷೀಣ ಕರೆಂಟ್ ಬಿಡಿ, ಅದನ್ನು ಗುರುತಿಸಲು ಅಷ್ಟೇ ಸೂಕ್ಷ್ಮವಾದ ಉಪಕರಣ ಮಾಡಿ ಎಂಬುದು ಅವರ ವಾದ. ಸಣ್ಣ ಕನ್ನಡಿಯೊಂದು ಅಲುಗಿದರೆ ಬೆಳಕಿನ ಚುಕ್ಕೆ ಪಟ್ಟಿಯ ಮೇಲೆ ಎಡಕ್ಕೂ ಬಲಕ್ಕೂ ಸರಿಯುವಂಥ ಮಾಪಕವನ್ನು ಅವರು ಮಾಡಿದರು. ಬಲ ಹೆಚ್ಚಿಸುವುದಕ್ಕಿಂತ ಕಿವಿ ಚುರುಕುಗೊಳಿಸುವುದು ಮುಖ್ಯವೆಂದ ಆ ಒಂದು ನಿರ್ಧಾರ ನನಗೆ ಈ ಇಡೀ ಸಾಹಸದಲ್ಲಿ ಅತ್ಯಂತ ಮೆಚ್ಚುಗೆಯಾದದ್ದು.

1865ರಲ್ಲಿ ‘ಗ್ರೇಟ್ ಈಸ್ಟರ್ನ್’ ಎಂಬ ಆ ಕಾಲದ ಅತಿ ದೊಡ್ಡ ಹಡಗು ಮತ್ತೆ ಹೊರಟಿತು. ಸಾಗರದ ನಡುವೆ ತಂತಿ ತುಂಡಾಗಿ ತಳ ಸೇರಿತು. 1866ರ ಜುಲೈ 27ರಂದು ಅದೇ ಹಡಗು ಹೊಸ ತಂತಿಯೊಡನೆ ನ್ಯೂಫೌಂಡ್‌ಲ್ಯಾಂಡಿನ ಹಾರ್ಟ್ಸ್ ಕಂಟೆಂಟ್ ಎಂಬ ಹಳ್ಳಿಯ ದಡ ಮುಟ್ಟಿತು. ಅಲ್ಲಿಗೂ ನಿಲ್ಲಿಸದೆ ಹಿಂದಿರುಗಿ, ಹಿಂದಿನ ವರ್ಷ ಕಳೆದುಹೋಗಿದ್ದ ತಂತಿಯನ್ನು ಸುಮಾರು ನಾಲ್ಕು ಕಿಲೋಮೀಟರ್ ಆಳದಿಂದ ಕೊಕ್ಕೆ ಹಾಕಿ ಎತ್ತಿ, ಜೋಡಿಸಿ, ಎರಡನೆಯ ಮಾರ್ಗವನ್ನೂ ತೆರೆದರು. ನಿಮಿಷಕ್ಕೆ ಎಂಟು ಪದಗಳಷ್ಟು ವೇಗ. ಹತ್ತು ದಿನಗಳ ದೂರ ನಿಮಿಷಗಳಿಗೆ ಇಳಿಯಿತು.

ಆ ತಂತಿಗೆ ನೀರು ತಾಗದಂತೆ ಸುತ್ತಿದ್ದು ಗಟ್ಟಾ ಪರ್ಚಾ ಎಂಬ ಮರದ ಹಾಲು. ಮಲಯ ಮತ್ತು ಸುತ್ತಲಿನ ದ್ವೀಪಗಳ ಕಾಡಿನ ಮರ ಅದು. ರಬ್ಬರಿನಂತೆ ನಿಂತ ಮರಕ್ಕೆ ಗಾಯ ಮಾಡಿ ಹಾಲು ಇಳಿಸುವ ಪದ್ಧತಿ ಅಲ್ಲಿರಲಿಲ್ಲ. ಮರವನ್ನೇ ಕಡಿದು ಉರುಳಿಸಿ, ತೊಗಟೆಗೆ ಕಚ್ಚು ಹಾಕಿ, ಒಸರಿದ ಸ್ವಲ್ಪ ಹಾಲನ್ನು ಸಂಗ್ರಹಿಸುತ್ತಿದ್ದರು. ಸಾವಿರಾರು ಮೈಲಿ ತಂತಿಗೆ ಎಷ್ಟು ಕಾಡು ಬಿದ್ದಿರಬಹುದೆಂದು ಯೋಚಿಸಿದರೆ ಹೊಟ್ಟೆ ಉರಿಯುತ್ತದೆ. ಹಣದ ಪೇಟೆಯ ಒಂದು ಹೆಸರಿನ ಹಿಂದೆ ಆ ಕಾಡುಗಳೂ ಇವೆ.

ಇನ್ನು ಹಣದ ಮಾತು. ‘ಕೇಬಲ್’ ಎಂಬ ಹೆಸರಿಗೆ ಸಾಮಾನ್ಯವಾಗಿ ಕೊಡುವ ವಿವರಣೆ ಇಷ್ಟೇ: ಪೌಂಡು ಡಾಲರಿನ ದರ ಅಟ್ಲಾಂಟಿಕ್ ಕೇಬಲ್ ಮೂಲಕ ಬರುತ್ತಿತ್ತು, ಆದ್ದರಿಂದ ಹೆಸರು ನಿಂತಿತು. ಇದು ನಿಜವೇ. ಆದರೆ ಬ್ಯಾಂಕಿನ ಕೆಲಸ ಬಲ್ಲವನಿಗೆ ಇದರ ಒಳಗೆ ಇನ್ನೊಂದು ಪದರ ಕಾಣುತ್ತದೆ, ನನ್ನ ಮಟ್ಟಿಗೆ ಹೆಸರು ಗಟ್ಟಿಯಾಗಿ ನಿಲ್ಲಲು ಅದೇ ಕಾರಣ.

ಹಿಂದೆ ವ್ಯಾಪಾರದ ಹಣ ನಡೆಯುತ್ತಿದ್ದದ್ದು ಹುಂಡಿಗಳ ಮೇಲೆ, ಅಂದರೆ ಇಂಥವರಿಗೆ ಇಷ್ಟು ಹಣ ಕೊಡಿ ಎಂದು ಬರೆದ ಪತ್ರಗಳ ಮೇಲೆ. ನ್ಯೂಯಾರ್ಕಿನಲ್ಲಿ ಹತ್ತಿ ಮಾರಿದವನು ಲಂಡನ್ನಿನ ಬ್ಯಾಂಕಿನ ಮೇಲೆ ಪೌಂಡಿನ ಹುಂಡಿ ಬರೆಯುತ್ತಿದ್ದ, ಅದನ್ನು ಪೇಟೆಯಲ್ಲಿ ಮಾರಿ ಡಾಲರ್ ಪಡೆಯುತ್ತಿದ್ದ. ಹುಂಡಿ ಹಡಗಿನಲ್ಲಿ ಹೋಗಬೇಕು. ಅರವತ್ತು ದಿನಗಳ ವಾಯಿದೆಯದಾದರೆ ಹೋದ ಮೇಲೂ ಕಾಯಬೇಕು. ಕೊಂಡವನ ಹಣ ಅಷ್ಟು ದಿನ ಸಿಕ್ಕಿಹಾಕಿಕೊಳ್ಳುತ್ತದೆ, ಆ ಬಡ್ಡಿಯನ್ನು ಅವನು ದರದಲ್ಲೇ ಮುರಿದುಕೊಳ್ಳುತ್ತಾನೆ. ಹಾಗಾಗಿ ತಂತಿ ಬಂದ ಮೇಲೆ ನ್ಯೂಯಾರ್ಕಿನಲ್ಲಿ ಒಂದೇ ಪೌಂಡಿಗೆ ಮೂರು ದರ ನಡೆಯುತ್ತಿದ್ದವು. ಅರವತ್ತು ದಿನದ ಹುಂಡಿಗೆ ಎಲ್ಲಕ್ಕಿಂತ ಕಡಿಮೆ, ಕಂಡೊಡನೆ ಪಾವತಿಯಾಗುವ ಹುಂಡಿಗೆ ಅದಕ್ಕಿಂತ ಹೆಚ್ಚು, ತಂತಿ ಕಳಿಸಿದೊಡನೆ ಲಂಡನ್ನಿನಲ್ಲಿ ಹಣ ಕೈಗೆ ಸಿಗುವ ‘ಕೇಬಲ್ ಟ್ರಾನ್ಸ್‌ಫರ್’ಗೆ ಎಲ್ಲಕ್ಕಿಂತ ಹೆಚ್ಚು. ಪತ್ರಿಕೆಗಳ ವಾಣಿಜ್ಯ ಪುಟದಲ್ಲಿ ಮೂರನ್ನೂ ಬೇರೆ ಬೇರೆ ಸಾಲಿನಲ್ಲಿ ಅಚ್ಚು ಹಾಕುತ್ತಿದ್ದರು. ಪೌಂಡಿನ ನಿಜವಾದ, ಈ ಕ್ಷಣದ ಬೆಲೆ ಯಾವುದೆಂದರೆ ಕೇಬಲ್ ಸಾಲಿನಲ್ಲಿರುವುದು. ಕ್ರಮೇಣ ಉಳಿದ ಸಾಲುಗಳ ಮಹತ್ವ ಕುಗ್ಗಿತು, ಕೇಬಲ್ ಉಳಿಯಿತು. ಅಮೆರಿಕದ ಫೆಡರಲ್ ರಿಸರ್ವ್ ಪ್ರಕಟಿಸುವ ವಿನಿಮಯ ದರಗಳ ಪಟ್ಟಿಯಲ್ಲಿ ಇಂದಿಗೂ ಅವುಗಳನ್ನು ‘ಕೇಬಲ್ ಟ್ರಾನ್ಸ್‌ಫರ್’ಗಳ ಮಧ್ಯಾಹ್ನದ ಖರೀದಿ ದರಗಳು ಎಂದೇ ವಿವರಿಸಲಾಗಿದೆ.

ಇದನ್ನು ಓದುತ್ತಿದ್ದಾಗ ನನಗೆ ನಮ್ಮ ಶಾಖೆಯ ಹಲಗೆ ಕಣ್ಣ ಮುಂದೆ ಬಂದಿತು. ಭಾರತದ ಯಾವ ಬ್ಯಾಂಕಿನ ವಿನಿಮಯ ಪಟ್ಟಿ ನೋಡಿದರೂ ‘ಟಿ.ಟಿ. ಖರೀದಿ’ ಎಂದೊಂದು ಕಾಲಂ, ‘ಬಿಲ್ ಖರೀದಿ’ ಎಂದೊಂದು ಕಾಲಂ ಇರುತ್ತವೆ. ಟಿ.ಟಿ. ಅಂದರೆ ಟೆಲಿಗ್ರಾಫಿಕ್ ಟ್ರಾನ್ಸ್‌ಫರ್. ಬಾಪೂಜಿ ಕಾಲೇಜಿನಲ್ಲಿ ಓದಿ ಅಮೆರಿಕ ಸೇರಿದ ಮಗ ಮನೆಗೆ ಡಾಲರ್ ಕಳಿಸಿದಾಗ ತಂದೆ ಬಂದು ಕೌಂಟರಿನಲ್ಲಿ ಕೇಳುತ್ತಿದ್ದರು: ‘ಇಲ್ಲಿ ಎರಡು ದರ ಬರೆದಿದ್ದೀರಲ್ಲ ಸಾರ್, ನಮಗೆ ಯಾವುದು?’ ನಿಮಗೆ ಟಿ.ಟಿ., ಯಾಕೆಂದರೆ ನಿಮ್ಮ ಡಾಲರ್ ಆಗಲೇ ನಮ್ಮ ಬ್ಯಾಂಕು ಹೊರದೇಶದ ಬ್ಯಾಂಕಿನಲ್ಲಿ ಇಟ್ಟಿರುವ ‘ನೋಸ್ಟ್ರೋ’ ಖಾತೆಗೆ ಜಮೆಯಾಗಿದೆ, ನಾವು ಕಾಯಬೇಕಾಗಿಲ್ಲ ಎಂದು ಹೇಳುತ್ತಿದ್ದೆ. ರಫ್ತಿನ ಬಿಲ್, ಅಂದರೆ ಹುಂಡಿ, ತಂದವರಿಗೆ ಅದಕ್ಕಿಂತ ಕಡಿಮೆ ದರ. ಬಿಲ್ ಹೋಗಿ ಹಣ ಬರಲು ಸಾಮಾನ್ಯವಾಗಿ 25 ದಿನ ಎಂಬ ಲೆಕ್ಕ ಬ್ಯಾಂಕುಗಳಲ್ಲಿ ರೂಢಿಯಲ್ಲಿದೆ, ಆ ದಿನಗಳ ಬೆಲೆ ದರದೊಳಗೆ ಸೇರಿರುತ್ತದೆ. ನ್ಯೂಯಾರ್ಕಿನ ಮೂರು ಸಾಲುಗಳ ತರ್ಕವೇ ಪಿ.ಬಿ. ರಸ್ತೆಯ ಬ್ಯಾಂಕುಗಳ ಹಲಗೆಯ ಮೇಲೂ ಇದೆ. ಸಂದೇಶ ಈಗ ಬ್ಯಾಂಕುಗಳನ್ನು ಬೆಸೆಯುವ ಸ್ವಿಫ್ಟ್ ಜಾಲದಲ್ಲಿ ಹೋಗುತ್ತದೆ. 1973ರಲ್ಲಿ ಹುಟ್ಟಿದ ಸಂಸ್ಥೆ ಅದು. ನಮ್ಮ ದೇಶದಲ್ಲಿ ತಂತಿ ಸೇವೆ 2013ರ ಜುಲೈನಲ್ಲಿ ಮುಗಿಯಿತು. ಟಿ.ಟಿ. ಎಂಬ ಎರಡಕ್ಷರ ಮಾತ್ರ ಅಳಿಸಿಲ್ಲ. ವಿದೇಶದ ಆದಾಯವನ್ನು ರೂಪಾಯಿಗೆ ಪರಿವರ್ತಿಸುವ ಬಗೆ ಹೇಳಿದ 1962ರ ಆದಾಯ ತೆರಿಗೆ ನಿಯಮಗಳ 115ನೇ ನಿಯಮ ಆಧಾರವಾಗಿ ಹಿಡಿದದ್ದೂ ಸ್ಟೇಟ್ ಬ್ಯಾಂಕಿನ ‘ಟೆಲಿಗ್ರಾಫಿಕ್ ಟ್ರಾನ್ಸ್‌ಫರ್ ಖರೀದಿ ದರ’ವನ್ನೇ.

ಅಂದಹಾಗೆ, ಇಂಥ ಚುಟುಕು ಹೆಸರುಗಳು ಹುಟ್ಟಲು ತಂತಿಯ ಖರ್ಚೂ ಕಾರಣವಿರಬೇಕು ಎಂದು ನನ್ನ ಅನಿಸಿಕೆ. ಪದಕ್ಕೆ ಇಷ್ಟು ಎಂದು ದುಡ್ಡು ತೆರುವ ಕಾಲದಲ್ಲಿ ಮಾತು ತಾನಾಗಿ ಬಿಗಿಯಾಗುತ್ತದೆ. ವ್ಯಾಪಾರಿಗಳು ಸಂಕೇತದ ಪುಸ್ತಕಗಳನ್ನೇ ಇಟ್ಟುಕೊಂಡಿದ್ದರು. ಒಂದು ಪದ ಕಳಿಸಿದರೆ ಆಚೆಯವನು ಪುಸ್ತಕ ತೆರೆದು ಇಡೀ ವಾಕ್ಯ ಓದಿಕೊಳ್ಳುತ್ತಿದ್ದ. ನಮ್ಮಲ್ಲೂ ಮದುವೆಮನೆಗೆ ಬರುತ್ತಿದ್ದ ಶುಭಾಶಯದ ವಾಕ್ಯಗಳಿಗೆ ಇಲಾಖೆ ಒಂದೊಂದು ಸಂಖ್ಯೆ ಗೊತ್ತು ಮಾಡಿತ್ತು. ಅಂಚೆ ಕಚೇರಿಯಲ್ಲಿ ಸಂಖ್ಯೆ ಬರೆದುಕೊಟ್ಟರೆ ಸಾಕು, ವಧೂವರರಿಗೆ ಪೂರ್ತಿ ಹಾರೈಕೆ ತಲುಪುತ್ತಿತ್ತು.

ಈಗ ಹತ್ತಿಗೆ ಬರುತ್ತೇನೆ. ಅಮೆರಿಕದ ಅಂತರ್ಯುದ್ಧ ನಡೆದ 1861ರಿಂದ 1865ರ ವರೆಗೆ ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತುಹೋಗಿ, ಲ್ಯಾಂಕಾಶೈರಿನ ಗಿರಣಿಗಳು ಭಾರತದ ಕಡೆ ತಿರುಗಿದವು. ಬಾಂಬೆಯಲ್ಲಿ ಹಣದ ಹೊಳೆ ಹರಿಯಿತು. ಧಾರವಾಡದ ಸೀಮೆಯಲ್ಲಿ ಮೊದಲೇ ಬೇರುಬಿಟ್ಟಿದ್ದ ಅಮೆರಿಕದ ತಳಿಗೆ ‘ಧಾರವಾಡ ಅಮೆರಿಕನ್’ ಎಂಬ ಹೆಸರೇ ಇತ್ತು. ಕಪ್ಪು ಎರೆಯ ನೆಲವಿದ್ದಲ್ಲೆಲ್ಲ ಹತ್ತಿಗೆ ಬೇಡಿಕೆ. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ನೆಲಕಚ್ಚಿತು, ಬಾಂಬೆಯ ಬ್ಯಾಂಕುಗಳು, ಷೇರು ಕಂಪನಿಗಳು ಉರುಳಿದವು. ಒಳನಾಡಿನ ರೈತ ಬೆಲೆ ಏರಿದ್ದೇಕೆಂದು ತಿಳಿಯದೆ ಬಿತ್ತಿದ್ದ, ಬಿದ್ದದ್ದೇಕೆಂದು ತಿಳಿಯದೆ ಸಾಲಗಾರನಾದ. ಹತ್ತು ವರ್ಷಗಳ ನಂತರ, 1875ರಲ್ಲಿ, ಪುಣೆ ಮತ್ತು ಅಹಮದ್‌ನಗರದ ಕಡೆ ರೈತರು ಸಾಹುಕಾರರ ಸಾಲಪತ್ರಗಳನ್ನು ಸುಟ್ಟ ದಂಗೆಯ ಹಿಂದೆ ಈ ಏರಿಳಿತದ ಸಾಲವೂ ಇತ್ತು.

1870ರಲ್ಲಿ ಅದೇ ಗ್ರೇಟ್ ಈಸ್ಟರ್ನ್ ಹಡಗು ಬಾಂಬೆಯಿಂದ ಏಡನ್ನಿಗೆ ತಂತಿ ಹಾಸಿತು. ಲಂಡನ್ನಿನಿಂದ ಬಾಂಬೆಗೆ ಸಮುದ್ರದಡಿಯ ದಾರಿ ತೆರೆಯಿತು. ಲಿವರ್‌ಪೂಲಿನ ಬೆಲೆ ಬಾಂಬೆಗೆ ಅಂದೇ ಗೊತ್ತಾಗತೊಡಗಿತು. ಸುದ್ದಿ ಬಂದದ್ದು ಬಾಂಬೆಯ ತನಕ, ಚಿತ್ರದುರ್ಗದ ಹಳ್ಳಿಯ ತನಕ ಅಲ್ಲ. ಮಂಡಿಯ ಕಟ್ಟೆಯಲ್ಲಿ ಟವೆಲ್ಲಿನಡಿ ಬೆರಳು ಹಿಡಿದು ದರ ಕುದುರಿಸುವಾಗ, ಹತ್ತಿಯ ಅಂಡಿಗೆ ತಂದ ರೈತನಿಗಿಂತ ದಲಾಲರ ಕಡೆಗೇ ಸುದ್ದಿ ಹೆಚ್ಚಿರುತ್ತಿತ್ತು. ತಂತಿ ದೂರವನ್ನು ಅಳಿಸಿತು ಎನ್ನುವ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಅದು ಎರಡು ತುದಿಗಳ ನಡುವಿನ ದೂರವನ್ನು ಅಳಿಸಿ, ತುದಿಯಲ್ಲಿ ಕುಳಿತವನಿಗೂ ಬೆಳೆದವನಿಗೂ ನಡುವಿನ ದೂರವನ್ನು ಹೆಚ್ಚಿಸಿತು.

ಊರಿಗೆ ರೈಲು ಬಂದು, 1930ರ ದಶಕದಲ್ಲಿ ಗಿರಣಿ ಎದ್ದು, ದಾವಣಗೆರೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎನಿಸಿಕೊಂಡಿತು. ಆ ಹೊತ್ತಿಗೆ ರೂಪಾಯಿಯ ಬೆಲೆ ಪೌಂಡಿಗೆ ಕಟ್ಟುಬಿದ್ದಿತ್ತು, ರೂಪಾಯಿಗೆ ಒಂದು ಶಿಲ್ಲಿಂಗ್ ಆರು ಪೆನ್ಸ್ ಎಂದು. ಆದ್ದರಿಂದ ಲಂಡನ್ನಿನ ‘ಕೇಬಲ್’ ಬಿದ್ದರೆ ರೂಪಾಯಿಯೂ ಡಾಲರಿನೆದುರು ಬೀಳಲೇಬೇಕು. 1949ರ ಸೆಪ್ಟೆಂಬರಿನಲ್ಲಿ ಪೌಂಡಿನ ಬೆಲೆಯನ್ನು 4.03 ಡಾಲರಿನಿಂದ 2.80ಕ್ಕೆ ಇಳಿಸಿದಾಗ, ಸ್ವತಂತ್ರ ಭಾರತವೂ ಜೊತೆಗೇ ಇಳಿಸಿತು, ಡಾಲರಿಗೆ 3.31 ರೂಪಾಯಿ ಇದ್ದದ್ದು 4.76 ಆಯಿತು. ಪೌಂಡಿನ ಈ ನಂಟು 1975ರ ಸೆಪ್ಟೆಂಬರಿನ ತನಕ ಉಳಿದಿತ್ತು.

ಎರಡನೆಯ ಗುರುತು ಬೀದಿಯದು. ದಾವಣಗೆರೆ, ಚಿತ್ರದುರ್ಗದ ಪತ್ರಿಕೆಗಳಲ್ಲಿ ‘ಓ.ಸಿ. ಚೀಟಿ ಬರೆಯುತ್ತಿದ್ದವರ ಬಂಧನ’ ಎಂಬ ಸುದ್ದಿ ಓದದವರು ಇರಲಾರರು. ಕರ್ನಾಟಕ ಪೊಲೀಸ್ ಕಾಯ್ದೆಯ 78(3)ರಡಿ ಪ್ರಕರಣ, ಇಷ್ಟು ನಗದು, ಒಂದು ಬಾಲ್‌ಪೆನ್, ಒಂದು ಚೀಟಿ ವಶ. ಅಂಕಿಯ ಮೇಲೆ ಹಣ ಕಟ್ಟುವ ಜೂಜು ಅದು. ಓ.ಸಿ. ಎಂದರೆ ಓಪನ್ ಮತ್ತು ಕ್ಲೋಸ್. ಯಾವುದರ ಓಪನ್, ಯಾವುದರ ಕ್ಲೋಸ್? ನ್ಯೂಯಾರ್ಕ್ ಹತ್ತಿ ವಿನಿಮಯ ಕೇಂದ್ರದಲ್ಲಿ ದಿನದ ವ್ಯಾಪಾರ ಯಾವ ದರಕ್ಕೆ ತೆರೆಯಿತು, ಯಾವ ದರಕ್ಕೆ ಮುಚ್ಚಿತು ಎಂಬ ಅಂಕಿಗಳು ಟೆಲಿಪ್ರಿಂಟರ್ ಮೂಲಕ ಬಾಂಬೆಯ ಹತ್ತಿ ವಿನಿಮಯ ಕೇಂದ್ರಕ್ಕೆ ಬರುತ್ತಿದ್ದವು. ಆ ಅಂಕಿಗಳ ಮೇಲೆ ಬಾಂಬೆಯಲ್ಲಿ ಜೂಜು ಶುರುವಾಯಿತು. ಹತ್ತಿಯ ಮುಖ ನೋಡದವರೂ ಕೊನೆಯ ಅಂಕಿಯ ಮೇಲೆ ಹಣ ಕಟ್ಟಿದರು. 1960ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನ ಅಂಕಿ ಬರುವುದು ನಿಂತಾಗ ಜೂಜು ನಿಲ್ಲಲಿಲ್ಲ. ಮಡಕೆಯೊಳಗಿಂದ ಚೀಟಿ ಎತ್ತಿ ಅಂಕಿ ಹುಟ್ಟಿಸಿದರು. ಮಟ್ಕಾ ಎಂಬ ಹೆಸರು ಆ ಮಡಕೆಯದು. ಈ ಜೂಜು ನಡೆಸಿದ ರತನ್ ಖತ್ರಿಯ ಹೆಸರು ದೇಶಕ್ಕೆಲ್ಲ ಗೊತ್ತಾದದ್ದು ಹಾಗೆ. ಅದು ನಮ್ಮ ಕಡೆ ಬಂದು ಓ.ಸಿ. ಆಯಿತು.

ಇದನ್ನು ನಾನು ಬೆರಗಿನಿಂದಲೇ ಹೇಳುತ್ತಿದ್ದೇನೆ, ಸಂಕಟದಿಂದಲೂ. ಸಮುದ್ರ ದಾಟಿ ಬರುತ್ತಿದ್ದ ದರಗಳು ಲಂಡನ್ನಿನ ಬ್ಯಾಂಕರನಿಗೆ ‘ಕೇಬಲ್’ ಎಂಬ ಮಾತು ಕೊಟ್ಟವು, ದಾವಣಗೆರೆಯ ಹಮಾಲಿಗೆ ಓ.ಸಿ. ಎಂಬ ಮಾತು ಕೊಟ್ಟವು. ಹತ್ತಿ ಗಿರಣಿಯ ದಿನಗೂಲಿಯ ಹಣ ಹತ್ತಿಯ ಬೆಲೆಯ ಹೆಸರಿನಲ್ಲೇ ಓ.ಸಿ. ಬರೆಯುವವನ ಕೈಸೇರಿತು. ಗಿರಣಿಗಳು ಮುಚ್ಚಿದವು, ಹತ್ತಿಯ ಹೊಲಗಳಿಗೆ ಮೆಕ್ಕೆಜೋಳ ಬಂದಿತು, ಓ.ಸಿ. ಉಳಿಯಿತು.

ಈಗ ಅದೇ ಆಟ ಮೊಬೈಲಿಗೆ ಬಂದಿದೆ. ವಿದ್ಯಾನಗರದ ಕಡೆಯ ಹಾಸ್ಟೆಲ್‌ಗಳಲ್ಲಿರುವ ಹುಡುಗರು ಕೆಲವರು ನನ್ನನ್ನು ಕೇಳಲು ಬರುತ್ತಾರೆ: ‘ಅಂಕಲ್, ಕೇಬಲ್ ಏರುತ್ತದೆಯೇ, ಇಳಿಯುತ್ತದೆಯೇ?’ ಯಾವುದೋ ಹೊರದೇಶದ ಆ್ಯಪ್‌ನಲ್ಲಿ ಪೌಂಡು ಡಾಲರಿನ ಮೇಲೆ ಹಣ ಹೂಡಿರುತ್ತಾರೆ. 2022ರ ಏಪ್ರಿಲ್‌ನ ಲೆಕ್ಕದಂತೆ ಜಗತ್ತಿನ ವಿದೇಶಿ ವಿನಿಮಯ ಪೇಟೆಯ ದಿನದ ವಹಿವಾಟು ಸುಮಾರು 7.5 ಲಕ್ಷ ಕೋಟಿ ಡಾಲರ್, ಅದರಲ್ಲಿ ಹತ್ತನೇ ಒಂದರ ಹತ್ತಿರ ಈ ‘ಕೇಬಲ್’ನದು. ಅಂಥ ಕಡಲಿನಲ್ಲಿ ಹಾಸ್ಟೆಲಿನ ಹುಡುಗ ತನ್ನ ಮೆಸ್ಸಿನ ಹಣ ಹಾಕುವುದನ್ನು ನೋಡಿ ಸುಮ್ಮನಿರಲು ನನ್ನಿಂದಾಗುವುದಿಲ್ಲ. ನಾನು ಅವರಿಗೆ ಹೇಳುವುದು ನೇರ: ಅನುಮತಿ ಇಲ್ಲದ ವೇದಿಕೆಗಳ ಹೆಸರುಗಳನ್ನು ರಿಸರ್ವ್ ಬ್ಯಾಂಕ್ 2022ರಿಂದ ಎಚ್ಚರಿಕೆಯ ಪಟ್ಟಿಯಾಗಿ ಪ್ರಕಟಿಸುತ್ತಿದೆ, ಮೊದಲು ಅದನ್ನು ನೋಡಿ. ಆ ಪಟ್ಟಿಯಲ್ಲಿ ಹೆಸರಿಲ್ಲ ಎಂದಮಾತ್ರಕ್ಕೆ ಅನುಮತಿ ಇದೆ ಎಂದೂ ಅಲ್ಲ. ಮುಂದಿನ ತಾರೀಖಿನ ದರವನ್ನು ಈಗಲೇ ಗೊತ್ತು ಮಾಡಿಕೊಳ್ಳುವ ಕರೆನ್ಸಿ ವಾಯಿದೆ ವ್ಯಾಪಾರಕ್ಕೆ ಇಲ್ಲಿ ಮಾನ್ಯತೆ ಪಡೆದ ವಿನಿಮಯ ಕೇಂದ್ರಗಳಿವೆ. ಅಲ್ಲಿಯೂ ರೂಪಾಯಿಯ ವಾಯಿದೆಗೆ ನಿಮಗೆ ನಿಜವಾದ ವಿದೇಶಿ ಹಣದ ವ್ಯವಹಾರ ಇರಬೇಕೆಂಬುದನ್ನು ರಿಸರ್ವ್ ಬ್ಯಾಂಕ್ 2024ರಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿದೆ. ಮಾಲೂ ಇಲ್ಲದೆ, ಬಿಲ್ಲೂ ಇಲ್ಲದೆ ಕೊನೆಯ ಅಂಕಿಗೆ ಹಣ ಕಟ್ಟುವುದಾದರೆ ಅದು ಓ.ಸಿ.ಯೇ.

ಕೊನೆಗೆ, ದಾವಣಗೆರೆ ಚಿತ್ರದುರ್ಗದ ಹಳೆಯ ವ್ಯಾಪಾರದ ಮನೆತನಗಳವರಲ್ಲಿ ಒಂದು ಕೋರಿಕೆ. ಮಂಡಿಪೇಟೆಯ ಹಳೆಯ ಅಂಗಡಿಗಳ ಅಟ್ಟದ ಮೇಲೆ ಕಿರ್ದಿ ಪುಸ್ತಕಗಳ ಕಟ್ಟು ಇನ್ನೂ ಇವೆ. ಅವುಗಳ ನಡುವೆ ಬಾಂಬೆಯಿಂದ ಹತ್ತಿಯ ದರ ತಿಳಿಸಿ ಬಂದ ತಂತಿಯ ಕಾಗದಗಳೂ ಇರಬಹುದು. ಅಂಗಡಿ ಮಾರುವಾಗ, ಮನೆ ಕೆಡವುವಾಗ ಅವು ರದ್ದಿಗೆ ಹೋಗುತ್ತವೆ. ನಮ್ಮೂರಿನ ಪೇಟೆಗೆ ಜಗತ್ತಿನ ಬೆಲೆ ಎಷ್ಟು ದಿನ ತಡವಾಗಿ ಬರುತ್ತಿತ್ತು ಎಂಬುದನ್ನು ಹೇಳಬಲ್ಲ ಕಾಗದಗಳು ಅವು ಮಾತ್ರ. ತೂಕಕ್ಕೆ ಹಾಕುವ ಮುನ್ನ ಒಂದೊಂದರದ್ದೂ ಫೋಟೊ ತೆಗೆದಿಡಿ. ಕಳಿಸಿದ ಊರು, ತಾರೀಖು, ದರ, ಈ ಮೂರೂ ಕಾಣುವಂತೆ.